ಡೆಲ್ಮಾರ್ ಬೂನನ ಮೂರು ನಿಮಿಷ

ಮಾರ್ಲೋ ಲ್ಯಾಂಡಿಂಗ್
ಜನವರಿ ೨೪, ೨೦೧೮

ಪ್ರೀತಿಯ ರಾಸ್ಕೋ,

ಫೋನು ಬಿಟ್ಟು ಕಾಗದ ಯಾಕೆ ಎಂದು ನೀನು ಗೊಣಗುತ್ತೀಯ, ಗೊತ್ತು. ನಗರಸಭೆಯ ಕ್ಲರ್ಕ್ ಮುಟ್ಟಿದ್ದೆಲ್ಲ ಸಾರ್ವಜನಿಕ ದಾಖಲೆ ಕಣೋ. ನಿನಗೊಂದು ಇಮೇಲ್ ಹಾಕಿದರೆ ನಾಳೆ ಯಾವನೋ ಅರ್ಜಿ ಕೊಟ್ಟು ಅದರ ಪ್ರತಿ ಕೇಳುತ್ತಾನೆ. ಇಪ್ಪತ್ತೆರಡು ವರ್ಷ ಆ ಕುರ್ಚಿಯಲ್ಲಿ ಕೂತು ನನಗೆ ನನ್ನ ನೆರಳಿನ ಮೇಲೂ ನಂಬಿಕೆ ಹೋಗಿದೆ. ಅದಕ್ಕೇ ಅಡುಗೆಮನೆಯ ಮೇಜಿನ ಮೇಲೆ ಕೈಯಲ್ಲೇ ಬರೆಯುತ್ತಿದ್ದೇನೆ.

ಊರಲ್ಲಿ ಈಗ ಒಂದೇ ಮಾತು. ಪೊಲೀಸರ ಮೇಲೆ ಕಣ್ಣಿಡಲು ಒಂಬತ್ತು ಜನ ಸಾಮಾನ್ಯ ನಾಗರಿಕರ ಮಂಡಳಿ ಬೇಕು ಎಂಬ ಮಸೂದೆ ಸಭೆಗೆ ಬಂದಿದೆ. ಆ ಮಂಡಳಿ ಪೊಲೀಸರನ್ನಾಗಲಿ ಸಾಕ್ಷಿಗಳನ್ನಾಗಲಿ ಸಮನ್ಸ್ ಕೊಟ್ಟು ಕರೆಸಬಹುದು, ಹಳೆಯ ಕಡತ ತೆರೆಸಬಹುದು. ಮೂರು ಸಲ ಓದಿ, ಮೂರನೆಯ ಓದಿನ ದಿನ ಮತಕ್ಕೆ ಹಾಕಬೇಕು. ನಿನ್ನೆ ಮೊದಲನೆಯದು. ಪೊಲೀಸ್ ಸಂಘದವನು ಎದ್ದು, "ನಮ್ಮನ್ನ ಕಳ್ಳರ ಥರ ನೋಡ್ತಿದೀರಾ" ಎಂದು ಅರ್ಧ ಗಂಟೆ ಕೂಗಾಡಿದ. ಅವನನ್ನು ಯಾರೂ ಏನೂ ಅಂದಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

ಬರೆಯಬೇಕೆಂದದ್ದು ಬೇರೆಯದು. ಮಾತಾಡಬೇಕಾದವರು ಕಾರ್ಡಿನಲ್ಲಿ ಹೆಸರು ಬರೆದು ನನ್ನ ಪೆಟ್ಟಿಗೆಗೆ ಹಾಕುತ್ತಾರೆ, ನಾನು ಒಂದೊಂದೇ ಹೆಸರು ಕರೆಯುತ್ತೇನೆ. ನಿನ್ನೆ ಬಂದ ಕಾರ್ಡುಗಳಲ್ಲಿ ಒಂದು ಹೀಗಿತ್ತು: ಹೆಸರು, ಡೆಲ್ಮಾರ್ ಬೂನ್. ವಿಳಾಸ, ಲಾಕಪ್ಪು ಎರಡು. ವಿಷಯ, ಮಂಡಳಿಯ ಮಸೂದೆ.

ನಿನಗೆ ನೆನಪಿರಬೇಕು. ಹತ್ತು ವರ್ಷದ ಹಿಂದೆ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮಧ್ಯಾಹ್ನ, ನಮ್ಮ ಠಾಣೆಯ ಲಾಕಪ್ಪಿನಲ್ಲಿ ಸತ್ತ ಹುಡುಗ. ಅರ್ಧ ಗಂಟೆಗೊಮ್ಮೆ ನೋಡಿಕೊಂಡಿದ್ದರು, ನಿದ್ದೆಯಲ್ಲೇ ಹೃದಯ ನಿಂತಿತು ಎಂದು ಡೈರಿಯಲ್ಲಿದೆ. ಅವನ ತಾಯಿ ಯೂಲಾ ಬೂನ್ ಅಂದಿನಿಂದ ಕೇಳುತ್ತಿರುವುದು ಒಂದೇ, "ನನ್ನ ಮಗ ಹೇಗೆ ಸತ್ತ, ಯಾರಾದ್ರೂ ಹೇಳಿ." ಈ ಮಂಡಳಿ ಬಂದರೆ ಮೊದಲು ತೆರೆಯುವ ಕಡತ ಅದೇ.

ಬೇರೆ ಊರಲ್ಲಾದರೆ ಎದ್ದು ಬಾರದವನ ಹೆಸರು ದಾಟಿ ಮುಂದೆ ಹೋಗುತ್ತಾರೆ. ನಮ್ಮಲ್ಲಿ ಊರುಗೋಲಿನ ನಿಯಮ ಇದೆ. ಎಪ್ಪತ್ತರ ದಶಕದಲ್ಲಿ ಊರುಗೋಲು ಹಿಡಿದ ಮುದುಕನೊಬ್ಬ ಮೈಕಿನ ಹತ್ತಿರ ಬರುವಷ್ಟರಲ್ಲಿ ಅವನ ಸರದಿ ಹೋಯಿತೆಂದರು, ಅವನು ಕೋರ್ಟಿಗೆ ಹೋಗಿ ಗೆದ್ದ. ಅಂದಿನಿಂದ, ಹೆಸರು ಕರೆದ ಮೇಲೆ ಯಾರು ಬರಲಿ ಬಿಡಲಿ, ಗಡಿಯಾರ ಮೂರು ನಿಮಿಷ ಓಡಲೇಬೇಕು.

ಕರೆದೆ. ಅರವತ್ತು ಜನ ಸುಮ್ಮನೆ ಖಾಲಿ ಮೈಕ್ ನೋಡುತ್ತ ಕೂತೆವು. ಮೂರನೆಯ ಸಾಲಿನಲ್ಲಿ ಮಿಸೆಸ್ ಬೂನ್ ಮಾತ್ರ ಯಾರದೋ ಮಾತಿಗೆ ತಲೆದೂಗಿದ ಹಾಗೆ ತಲೆದೂಗುತ್ತಿದ್ದರು. ಗಂಟೆ ಹೊಡೆಯಿತು. ಹೊರಗೆ ಹೋಗುವಾಗ ನನ್ನ ಕೈ ಹಿಡಿದು, "ಈಗಿನ್ನೂ ಶುರು ಮಾಡಿದಾನೆ ಮಗಳೇ, ಶೂ ಲೇಸು ಬಿಚ್ಚಿಸ್ಕೊಂಡ್ರಂತೆ. ಅವನು ಮೊದ್ಲಿಂದ್ಲೂ ಹಂಗೇ, ಎಲ್ಲಾ ಬುಡದಿಂದ ಹೇಳ್ತಾನೆ" ಎಂದರು.

ಪಾಪ ಅನಿಸಿತು. ಆ ಕಾಲಕ್ಕೆ ನೀನೂ ಠಾಣೆಯಲ್ಲಿದ್ದೆಯಲ್ಲ. ಆ ಹುಡುಗನನ್ನು ಕಂಡಿದ್ದೆಯಾ?

ನಿನ್ನ ಅಕ್ಕ,
ವರ್ನಿಟಾ


ನ್ಯೂ ಮೆಕ್ಸಿಕೊ
ಫೆಬ್ರವರಿ ೩

ಅಕ್ಕಾ,

ನಿನ್ನ ಕಾಗದ ನೋಡಿ ಯಾರೋ ಸತ್ತರೇನೋ ಅಂದುಕೊಂಡೆ. ಒಡೆದು ನೋಡಿದರೆ ಸತ್ತವರೇ ಎದ್ದು ಸಭೆಗೆ ಬಂದಿದ್ದಾರೆ. ಬದುಕಿದ್ದವರು ಸಾಲದೆ ಬಂತಾ ನಿಮ್ಮ ನಗರಸಭೆಗೆ?

ಯಾರೋ ಕಿಡಿಗೇಡಿಗಳ ಕೆಲಸ. ಕಾರ್ಡು ಹರಿದು ಬುಟ್ಟಿಗೆ ಹಾಕು. ಶೂ ಲೇಸು ಎಲ್ಲರದ್ದೂ ಬಿಚ್ಚಿಸಿಕೊಳ್ಳುತ್ತಾರೆ, ಟೀವಿ ನೋಡುವ ಮಗುವಿಗೂ ಗೊತ್ತು. ಮುದುಕಿಗೆ ತಲೆ ಸರಿಯಿಲ್ಲ, ಅಷ್ಟೇ.

ಆ ಹುಡುಗ ನನಗೆ ಸರಿಯಾಗಿ ನೆನಪಿಲ್ಲ. ಆ ಹಬ್ಬದ ದಿನ ನಾನು ಹನ್ನೆರಡಕ್ಕೇ ಡ್ಯೂಟಿ ಬಿಟ್ಟಿದ್ದೆ. ಇಲ್ಲಿ ನಾನು ಚೆನ್ನಾಗಿದ್ದೇನೆ. ತೈಲ ಕಂಪನಿಯ ಕ್ಯಾಂಪಿನ ಗೇಟು ಕಾಯುತ್ತೇನೆ. ಸಂಜೆ ನಾನಿರುವ ಟ್ರೈಲರ್ ಮನೆಯ ಮುಂದೆ ಕುರ್ಚಿ ಹಾಕಿ ಕೂತರೆ ನಲವತ್ತು ಮೈಲಿ ದೂರಕ್ಕೆ ಒಬ್ಬ ಮನುಷ್ಯ ಕಾಣುವುದಿಲ್ಲ. ಬೆನ್ನುನೋವೂ ಕಡಿಮೆ.

ನಿನ್ನ,
ರಾಸ್ಕೋ


ಮಾರ್ಲೋ ಲ್ಯಾಂಡಿಂಗ್
ಫೆಬ್ರವರಿ ೧೫

ಪ್ರೀತಿಯ ರಾಸ್ಕೋ,

ಹರಿದು ಹಾಕು ಎನ್ನುವುದಕ್ಕೆ ನಿನಗೇನು! ಕಾರ್ಡು ಹರಿದ ಕ್ಲರ್ಕ್ ಜೈಲು ನೋಡುತ್ತಾಳೆ.

ಮೊನ್ನೆ ಮಂಗಳವಾರದ ಸಭೆಗೆ ಅವನ ಕಾರ್ಡು ಮತ್ತೆ ಬಂತು; ಅವತ್ತು ಮಸೂದೆಯ ಓದು ಇರಲಿಲ್ಲ, ಬರೀ ಚರ್ಚೆ. ಈ ಸಲ ನಾನೂ ಹುಷಾರಾಗಿದ್ದೆ. ಖಾಲಿ ಪೆಟ್ಟಿಗೆಗೆ ನಾನೇ ಬೀಗ ಹಾಕಿ, ಪಕ್ಕದಲ್ಲೇ ನಿಂತು, ಹಾಕಿದವರನ್ನೆಲ್ಲ ಎಣಿಸಿದೆ. ಹದಿನೇಳು ಜನ ಹಾಕಿದರು. ತೆಗೆದಾಗ ಹದಿನೆಂಟು ಕಾರ್ಡು. ಪೆನ್ಸಿಲ್ಲಿನಲ್ಲಿ, ಒತ್ತಿ ಒತ್ತಿ ಬರೆದ ಅಕ್ಷರ. ಮಿಸೆಸ್ ಬೂನ್‌ಗೆ ತೋರಿಸಿದೆ. "ನಂಗೆಲ್ಲಿ ಬರೆಯೋಕಾಗತ್ತೆ ಮಗಳೇ, ಕೈ ನೋಡು" ಎಂದು ಸಂಧಿವಾತದಿಂದ ಸೊಟ್ಟಗಾದ ಬೆರಳು ಚಾಚಿದರು. "ನೀನೇ ಕನಿಕರಪಟ್ಟು ಕರೀತಿದೀಯ ಅಂದ್ಕೊಂಡಿದ್ದೆ."

ಕರೆದೆ. ಮೈಕಿನ ಮೇಲೊಂದು ಸಣ್ಣ ಹಸಿರು ದೀಪ ಇದೆ, ಯಾರಾದರೂ ಮಾತಾಡಿದರೆ ಮಾತ್ರ ಮಿನುಗುತ್ತದೆ. ಅದು ಮಿನುಗುತ್ತಿತ್ತು ರಾಸ್ಕೋ. ಒಂದು ವಾಕ್ಯದಷ್ಟು ಹೊತ್ತು ಮಿನುಗುವುದು, ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ನಿಲ್ಲುವುದು. ಅಧ್ಯಕ್ಷ ಡ್ರಿಸ್ಕಾಲ್ ಅದನ್ನು ನೋಡಿ, "ವೈರಿಂಗ್ ಹಾಳಾಗಿದೆ, ಬರೆದುಕೊಳ್ಳಿ" ಎಂದ. ಬರೆದುಕೊಂಡೆ.

ಮರುದಿನ ನಡಾವಳಿ ಬರೆಯಲು ಧ್ವನಿಮುದ್ರಣ ಹಾಕಿ ಕೇಳಿದೆ. ಅವನ ಮಾತೇನೂ ಇರಲಿಲ್ಲ. ಇರಬೇಕಾದ್ದೂ ಇರಲಿಲ್ಲ. ಅರವತ್ತು ಜನ ಕೂತ ಸಭೆಯಲ್ಲಿ ಕೆಮ್ಮು, ಕುರ್ಚಿಯ ಕಿರುಗುಟ್ಟುವಿಕೆ, ಹೀಟರಿನ ಸದ್ದು ಇರುತ್ತದಲ್ಲ, ಆ ಮೂರು ನಿಮಿಷ ಅದ್ಯಾವುದೂ ಇಲ್ಲ. ಒಂದು ಪುಟ್ಟ ಕೋಣೆಯೊಳಗಿನ ಸದ್ದಿನ ಹಾಗಿದೆ. ನಾನು ಹೆಡ್‌ಫೋನ್ ತೆಗೆದಿಟ್ಟು ಹೊರಗೆ ಹೋಗಿ ಬಿಸಿಲಲ್ಲಿ ನಿಂತೆ.

ಈ ಸಲದ ಕಥೆ ಇದು, ಮಿಸೆಸ್ ಬೂನ್ ಹೇಳಿದ್ದು: ಬೆಲ್ಟನ್ನೂ ತೆಗೆದುಕೊಂಡರಂತೆ. ಪ್ಯಾಂಟು ಜಾರುತ್ತಿದೆ ಎಂದು ಇವನು ಅಂದದ್ದಕ್ಕೆ ಮೇಜಿನ ಹಿಂದಿದ್ದ ಸಾರ್ಜೆಂಟು, "ಒಂದು ಕೈಲಿ ಹಿಡ್ಕೊಂಡೇ ಓಡಾಡಪ್ಪಾ, ಇನ್ನೊಂದು ಕೈಲಿ ದೇವರಿಗೆ ಮುಗಿ" ಅಂದನಂತೆ. ಇವನಿಗೂ ನಗು ಬಂತಂತೆ. "ಒಳ್ಳೇ ಮನುಷ್ಯ ಅಂತಿದಾನೆ" ಎಂದರು ಮುದುಕಿ. ಥೇಟ್ ನಿನ್ನ ಹಾಸ್ಯದ ಧಾಟಿ, ನನಗೂ ನಗು ಬಂತು.

ಚರ್ಚೆ ಜೋರಾಗಿದೆ. "ಬೇಲಿಯೇ ಎದ್ದು ಹೊಲ ಮೇಯ್ದ್ರೆ ಕಾಯೋರ್ಯಾರು ಸ್ವಾಮಿ?" ಎಂದ ಒಬ್ಬ ಕ್ಷೌರಿಕ. ಹಳೆಯ ಕಡತ ತೆರೆಯುವ ಮಾತನ್ನು ಮಸೂದೆಯಿಂದ ತೆಗೆಯಬೇಕೆಂದು ಡ್ರಿಸ್ಕಾಲ್ ಹಟ ಹಿಡಿದಿದ್ದಾನೆ.

ವರ್ನಿಟಾ


ನ್ಯೂ ಮೆಕ್ಸಿಕೊ
ಫೆಬ್ರವರಿ ೨೫

ಅಕ್ಕ,

ಆ ಹೆಸರು ಕರೆಯಬೇಡ.

ಕಾರ್ಡು ಕೆಳಗೆ ಬಿತ್ತು ಅನ್ನು, ಕಾಣಲಿಲ್ಲ ಅನ್ನು, ಏನಾದರೂ ಅನ್ನು. ಮುದುಕಿ ಹೇಳಿದ್ದನ್ನು ಇನ್ನು ನನಗೆ ಬರೆಯಬೇಡ. ಅಥವಾ ಬರೆ. ಅವಳು ಇನ್ನೇನು ಹೇಳಿದಳು? ಸಾರ್ಜೆಂಟಿನ ಹೆಸರು ಹೇಳಿದಳಾ? ಅಲ್ಲಿ ಇನ್ನು ಯಾರಿದ್ದರಂತೆ? ಒಂದು ಸಲಕ್ಕೆ ಇಷ್ಟೇ ಇಷ್ಟು ಹೇಳುತ್ತಾನೆ ಅಂದೆಯಲ್ಲ, ಮೂರನೆಯ ಓದು ಯಾವ ತಾರೀಖು?

ನಿದ್ದೆ ಬರುತ್ತಿಲ್ಲ. ಹೊಟ್ಟೆ ಕೆಟ್ಟಿದೆ, ಬೇರೇನಿಲ್ಲ.

ರಾಸ್ಕೋ


ಮಾರ್ಲೋ ಲ್ಯಾಂಡಿಂಗ್
ಮಾರ್ಚ್ ೧೪

ಪ್ರೀತಿಯ ರಾಸ್ಕೋ,

ನನ್ನ ಬಗ್ಗೆ ನೀನು ಇಷ್ಟು ಹೆದರುತ್ತೀಯ ಎಂದು ಗೊತ್ತಿರಲಿಲ್ಲ. ಅಕ್ಕನಿಗೆ ದೆವ್ವ ಬಡಿಯಿತೆಂದು ಯೋಚಿಸಿ ಹೊಟ್ಟೆ ಕೆಡಿಸಿಕೊಂಡಿದ್ದೀಯ. ಜೊತೆಗೆ ಅಮ್ಮ ಕೊಡುತ್ತಿದ್ದ ಶುಂಠಿ ಪುಡಿ ಇಟ್ಟಿದ್ದೇನೆ, ಬಿಸಿನೀರಲ್ಲಿ ಕುಡಿ. ಮೂರನೆಯ ಓದು ಇಪ್ಪತ್ತೇಳಕ್ಕೆ.

ನಿನ್ನ ಮಾತು ಕೇಳಿ ನಾನು ಜನ್ಮದಲ್ಲಿ ಮಾಡದ ಕೆಲಸಕ್ಕೆ ಕೈ ಹಾಕಿದೆ. ನಿನ್ನೆ ಎರಡನೆಯ ಓದು. ಅವನ ಕಾರ್ಡನ್ನು ಕಟ್ಟಿನ ತಳಕ್ಕೆ ತಳ್ಳಿ, ಅದರ ಮೇಲೆ ಮೊಣಕೈ ಊರಿ ಕೂತೆ. ಕಣ್ಣ ಮುಂದೆ ಇದ್ದದ್ದು ಶಾಲೆಯ ಮೇಷ್ಟರೊಬ್ಬರ ಹೆಸರು. ಬಾಯಿ ತೆರೆದೆ. ಬಂದದ್ದು ಡೆಲ್ಮಾರ್ ಬೂನ್.

ದೀಪ ಮಿನುಗಿತು. ಈ ಸಲ ಬೇಗ ಬೇಗ, ಹೇಳುವುದು ಬಹಳವಿದ್ದು ಹೊತ್ತು ಸಾಲದವರ ಹಾಗೆ.

ಅವನಿಗೆ ಸಕ್ಕರೆ ಕಾಯಿಲೆ ಇತ್ತಂತೆ, ನಿನಗೆ ಗೊತ್ತಿತ್ತಾ? ಇನ್ಸುಲಿನ್ ಸೂಜಿ ಅವನ ಕೋಟಿನ ಜೇಬಿನಲ್ಲಿ, ಕೋಟು ಸಾರ್ಜೆಂಟಿನ ಮೇಜಿನ ಹಿಂದೆ. ಕೇಳಿದನಂತೆ. "ಹತ್ತು ನಿಮಿಷ ಕಣಪ್ಪಾ, ಬಂದೆ" ಅಂದನಂತೆ ಆ ಮನುಷ್ಯ. ಆಮೇಲೆ ಮುಂದಿನ ಕೋಣೆಯಲ್ಲಿ ಟೀವಿ, ಫುಟ್‌ಬಾಲ್ ಆಟದ ಗದ್ದಲ. ಇವನು ತಗಡಿನ ಲೋಟ ಹಿಡಿದು ಕಂಬಿಗೆ ಬಡಿದನಂತೆ. ಬಾಗಿಲು ತೆರೆದ ಸದ್ದಾಯಿತು, ಜಾಯಿಕಾಯಿಯ ವಾಸನೆ ಬಂತು, ಯಾರೋ ಒಬ್ಬ ಹೆಂಗಸು ಮುಚ್ಚಿದ ತಟ್ಟೆ ಹಿಡಿದು ಒಳಗೆ ಬಂದಳು. ಅಲ್ಲಿಗೆ ಗಂಟೆ ಹೊಡೆಯಿತು.

ಹಬ್ಬದ ದಿನ ನಮ್ಮೂರಲ್ಲಿ ಯಾರ ಮನೆಯಲ್ಲಿ ಜಾಯಿಕಾಯಿ ವಾಸನೆ ಇರುವುದಿಲ್ಲ ಹೇಳು, ಎಲ್ಲರೂ ಗೆಣಸಿನ ಪೈ ಮಾಡುವವರೇ. ಆದರೂ ಠಾಣೆಗೆ ಆವತ್ತು ಬಂದ ಹೆಂಗಸು ಯಾರು? ನೀನು ಹನ್ನೆರಡಕ್ಕೆ ಬಿಟ್ಟ ಮೇಲೆ ಮೇಜಿಗೆ ಕೂತವನು ಯಾರು? ಅರ್ಧ ಗಂಟೆಗೊಮ್ಮೆ ನೋಡಿದ್ದೇನೆಂದು ಡೈರಿ ಬರೆದವನು ಅವನೇ ಇರಬೇಕು. ಗೊತ್ತಿದ್ದರೆ ಹೇಳು. ಆ ತಾಯಿಗೆ ಎಂಬತ್ತೊಂದು ವಯಸ್ಸು.

ಸದ್ಯಕ್ಕೆ ಮೂರು ಮತ ಆ ಕಡೆ, ಮೂರು ಈ ಕಡೆ. ಏಳನೆಯ ಸದಸ್ಯೆ ಮಿಸ್ ಟಿಲ್‌ಮನ್ ಇನ್ನೂ ಯಾವ ಕಡೆಗೂ ವಾಲಿಲ್ಲ. "ಹಳೇ ಕಡತದಲ್ಲಿ ಏನಾದ್ರೂ ಇದೆ ಅಂತ ಯಾರಾದ್ರೂ ನಂಗೆ ತೋರಿಸಿ, ಆಮೇಲೆ ಕೈ ಎತ್ತುತೀನಿ" ಅಂತಾಳೆ.

ವರ್ನಿಟಾ


ನ್ಯೂ ಮೆಕ್ಸಿಕೊ
ಮಾರ್ಚ್ ೨೦

ಇಂದ: ರಾಸ್ಕೋ ಮೇಬೆರಿ, ನಿವೃತ್ತ ಸಾರ್ಜೆಂಟ್
ಗೆ: ನಗರಸಭೆಯ ಕ್ಲರ್ಕ್, ನಗರ ಭವನ, ಮಾರ್ಲೋ ಲ್ಯಾಂಡಿಂಗ್
ವಿಷಯ: ನಾಗರಿಕ ಮಂಡಳಿಯ ಮಸೂದೆ

ಅವನು ಹೇಳುವುದಕ್ಕೆ ಮುಂಚೆ ನಾನು ಹೇಳುತ್ತೇನೆ.

ನವೆಂಬರ್ ೨೨, ೨೦೦೭ರಂದು ನಾನು ಹನ್ನೆರಡಕ್ಕೆ ಡ್ಯೂಟಿ ಬಿಡಲಿಲ್ಲ. ಸಂಜೆ ಆರರವರೆಗೂ ಮೇಜಿನಲ್ಲಿದ್ದವನು ನಾನೇ. ಹಬ್ಬವೆಂದು ಉಳಿದವರನ್ನೆಲ್ಲ ಮನೆಗೆ ಕಳಿಸಿದ್ದೆ. ಡೆಲ್ಮಾರ್ ಬೂನ್‌ನನ್ನು ಬೆಳಿಗ್ಗೆ ಹಳೆಯ ಟ್ರಾಫಿಕ್ ವಾರಂಟಿನ ಮೇಲೆ ತಂದಿದ್ದರು. ಅವನು ಬೈಯಲಿಲ್ಲ, ಕುಡಿದಿರಲಿಲ್ಲ. ಬೆಲ್ಟಿನ ವಿಷಯಕ್ಕೆ ನಾನು ಆ ತಮಾಷೆ ಮಾಡಿದ್ದು ನಿಜ. ಅಲ್ಲಿ ನಾವಿಬ್ಬರೇ ಇದ್ದೆವು, ನಾನು ಅದನ್ನು ಯಾರಿಗೂ ಹೇಳಿಲ್ಲ.

ಎರಡು ಗಂಟೆಗೆ ಅವನು ಸೂಜಿ ಕೇಳಿದ. ಹತ್ತು ನಿಮಿಷ ಅಂದೆ. ಕೆಟ್ಟತನದಿಂದಲ್ಲ. ಆಟದ ಎರಡನೆಯ ಭಾಗ ಶುರುವಾಗುತ್ತಿತ್ತು, ಅಷ್ಟೇ. ಆಮೇಲೆ ಅವನು ಲೋಟ ಬಡಿಯಲು ಶುರು ಮಾಡಿದ. ಎರಡು ಸಲ ಬಡಿದು ಸ್ವಲ್ಪ ಹೊತ್ತು ಬಿಡುತ್ತಿದ್ದ, ತೊಂದರೆ ಕೊಡುತ್ತಿದ್ದೇನೆ ಎಂದು ನಾಚಿಕೊಂಡವರ ಹಾಗೆ. ನಾಲ್ಕಕ್ಕೆ ನಿಂತಿತು. ಮಲಗಿದ ಅಂದುಕೊಂಡೆ. ಐದೂವರೆಗೆ ಹೋಗಿ ನೋಡಿದೆ. ಡೈರಿಯ ಅರ್ಧರ್ಧ ಗಂಟೆಯ ನಮೂದುಗಳನ್ನೆಲ್ಲ ಆಮೇಲೆ ಒಂದೇ ಸಲ, ಒಂದೇ ಪೆನ್ನಿನಲ್ಲಿ ಬರೆದೆ. ಬೆನ್ನುನೋವೆಂದು ಕೆಲಸ ಬಿಟ್ಟದ್ದು ಸುಳ್ಳು.

ಇನ್ನೊಂದು ಮಾತು. ಇದನ್ನು ಹತ್ತು ವರ್ಷ ನಾನು ನನ್ನ ಅಕ್ಕನಿಂದ ಮುಚ್ಚಿಟ್ಟೆ. ಅಕ್ಕ, ತಟ್ಟೆ ಹಿಡಿದು ಬಂದವಳು ನೀನು. ಪ್ರತಿ ವರ್ಷ ತರುತ್ತಿದ್ದೆ, ಆ ವರ್ಷವೂ ತಂದೆ. ಮೂರು ಗಂಟೆಯಿಂದ ಹೆಚ್ಚುಕಡಿಮೆ ಒಂದು ಗಂಟೆ ನನ್ನ ಜೊತೆ ಕೂತಿದ್ದೆ. ನಾವು ಬಹಳ ನಕ್ಕೆವು. ನಡುವೆ ನೀನು, "ಅದೇನೋ ಟಣ್ ಟಣ್ ಅಂತಿದೆಯಲ್ಲೋ" ಅಂದೆ. ಹಳೆ ಕಟ್ಟಡ, ಪೈಪು ಅಂದೆ. ನೀನು ಇನ್ನೊಂದು ತುಂಡು ಪೈ ಬಡಿಸಿದೆ.

ನಿನ್ನ ತಪ್ಪಿಲ್ಲ. ನಿನಗೆ ಗೊತ್ತಿರಲಿಲ್ಲ.

ರಾಸ್ಕೋ ಮೇಬೆರಿ


ಮಾರ್ಲೋ ಲ್ಯಾಂಡಿಂಗ್
ಮಾರ್ಚ್ ೨೮

ರಾಸ್ಕೋ,

ಕಚೇರಿಗೆ ಬಂದ ಟಪಾಲನ್ನು ನಾನು ಮೊದಲು ಮುದ್ರೆ ಒತ್ತಿ ಆಮೇಲೆ ಓದುತ್ತೇನೆ. ಓದಿ ಒತ್ತಿದರೆ ಬೇಕಾದ್ದು ಇಟ್ಟುಕೊಂಡಳು, ಬೇಡದ್ದು ಬಿಟ್ಟಳು ಎನ್ನುತ್ತಾರೆ. ಆ ಕ್ರಮ ತಂದವಳು ನಾನೇ. ಸೋಮವಾರ ಬೆಳಿಗ್ಗೆ ಲಕೋಟೆ ಸೀಳಿ, ಕಾಗದ ಬಿಡಿಸಿ, ಸ್ವೀಕರಿಸಲಾಗಿದೆ ಎಂದು ಮುದ್ರೆ ಒತ್ತಿ, ಆಮೇಲೆ ನಿನ್ನ ಅಕ್ಷರ ನೋಡಿದೆ. ಮನೆಗೆ ಬರೆದಿದ್ದರೆ ಅದು ನಿನ್ನ ಕಾಗದವಾಗುತ್ತಿತ್ತು. ನೀನು ಬೇಕೆಂದೇ ಕಚೇರಿಗೆ ಬರೆದೆಯೋ, ಅಕ್ಕ ಬಚ್ಚಿಟ್ಟಾಳೆಂಬ ಆಸೆ ಎಲ್ಲೋ ಇತ್ತೋ, ನಾನು ಕೇಳುವುದಿಲ್ಲ.

ಕೋಣೆಯಲ್ಲಿ ಯಾರೂ ಇರಲಿಲ್ಲ. ಒಲೆಗೆ ಹಾಕಿದ್ದರೆ ಒಂದು ಹುಳುವಿಗೂ ತಿಳಿಯುತ್ತಿರಲಿಲ್ಲ. ನಿನ್ನ ಮೇಲೆ ಬಂದ ಸಿಟ್ಟಿಗೆ ಅದನ್ನು ಮುದುರಿ ಮತ್ತೆ ಬಿಡಿಸಿದೆ, ನಿನ್ನನ್ನು ಎತ್ತಿ ಆಡಿಸಿದ ಕೈಯಲ್ಲೇ. ಕಡೆಗೆ ಕಾಗದವನ್ನು ಮಸೂದೆಯ ಕಡತಕ್ಕೆ ಸೇರಿಸಿದೆ.

ನನಗೆ ಗೊತ್ತಿರಲಿಲ್ಲ ಎಂದು ಬರೆದಿದ್ದೀಯ. ಅದು ಪೂರ್ತಿ ನಿಜವಲ್ಲ. ಎಲ್ಲ ವರ್ಷದ ತಟ್ಟೆಗಳೂ ನೆನಪಿನಲ್ಲಿ ಒಂದಾಗಿಹೋಗಿದ್ದವು, ಆ ವರ್ಷ ನೀನು ಹನ್ನೆರಡಕ್ಕೇ ಬಿಟ್ಟೆ ಎಂದದ್ದನ್ನು ನಂಬಿಕೊಂಡೆ. ಆದರೂ ಜಾಯಿಕಾಯಿ ಎಂದು ನಿನಗೆ ಬರೆಯುವಾಗಲೇ ನನ್ನ ಕೈ ಒಂದು ಸಲ ನಿಂತಿತ್ತು. ಎದ್ದು ಹೋಗಿ ತೊಳೆದಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದು ಬಂದು ಬರೆದೆ.

ನಿನ್ನೆಯ ಮೂರನೆಯ ಓದಿಗೆ ಸಭಾಂಗಣ ತುಂಬಿ ತುಳುಕುತ್ತಿತ್ತು. ಬರೆದು ಕಳಿಸಿದವರ ಮಾತನ್ನು ಕ್ಲರ್ಕೇ ಓದಬೇಕು, ಅದಕ್ಕೂ ಮೂರೇ ನಿಮಿಷ. ನಿನ್ನ ಹೆಸರು ಕರೆದು ಓದಲು ನಿಂತೆ. ಬೆಲ್ಟಿನ ಮಾತು ಬಂದಾಗ ಯಾರೋ "ಅಯ್ಯೋ ದೇವರೇ" ಎಂದರು. ಡೈರಿಯ ಮಾತು ಬಂದಾಗ ಸಂಘದವನು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಬೆನ್ನುನೋವು ಸುಳ್ಳು ಎಂದು ಓದಿದೆ, ಗಂಟೆ ಹೊಡೆಯಿತು.

ಅಲ್ಲಿಗೆ ನಿಲ್ಲಿಸಬಹುದಿತ್ತು ರಾಸ್ಕೋ. ನಿಯಮದ ಪ್ರಕಾರ ನಿಲ್ಲಿಸಲೇಬೇಕಿತ್ತು. "ಥ್ಯಾಂಕ್ ಯೂ, ಮುಂದಿನ ಹೆಸರು" ಎಂದ ಡ್ರಿಸ್ಕಾಲ್, ನನ್ನ ಮುಖ ನೋಡದೆ. ಮುಂದಿನ ಕಾರ್ಡು ತೆಗೆದೆ. ಡೆಲ್ಮಾರ್ ಬೂನ್ ಎಂದು ಕರೆದೆ. ಗಡಿಯಾರ ಓಡಲು ಶುರುವಾಯಿತು. ದೀಪ ಮಿನುಗಲಿಲ್ಲ. ಕಾದೆ, ಆಗಲೂ ಮಿನುಗಲಿಲ್ಲ. ಆಗ ನಾನು ಅವನ ಹೊತ್ತಿನಲ್ಲಿ ಉಳಿದದ್ದನ್ನು ಓದಿದೆ. ತಟ್ಟೆ, ಪೈಪು, ಇನ್ನೊಂದು ತುಂಡು, ಎಲ್ಲವನ್ನೂ. ಯಾರೂ ತಡೆಯಲಿಲ್ಲ. ಓದಿ ಮುಗಿದ ಮೇಲೂ ಒಂದು ನಿಮಿಷ ಉಳಿದಿತ್ತು, ಅಷ್ಟು ಹೊತ್ತೂ ನಿಂತೇ ಇದ್ದೆ.

ಮಿಸ್ ಟಿಲ್‌ಮನ್ ಕೈ ಎತ್ತಿದಳು. ನಾಲ್ಕಕ್ಕೆ ಮೂರು. ಮಂಡಳಿ ಬಂತು, ಹಳೆಯ ಕಡತ ತೆರೆಯುವ ಅಧಿಕಾರದ ಸಮೇತ. ಮೊದಲ ಸಮನ್ಸು ನಿನ್ನ ಹೆಸರಿಗೆ ಹೊರಡುತ್ತದೆ, ಎರಡನೆಯದು ನನ್ನ ಹೆಸರಿಗೆ. ಎರಡಕ್ಕೂ ಸಹಿ ಹಾಕಬೇಕಾದವಳು ಕ್ಲರ್ಕ್. ಸಮನ್ಸಿಗೆ ಕಾಯಬೇಡ, ಬಾ. ನಿನ್ನ ಕೋಣೆಯ ಹಾಸಿಗೆ ಬಟ್ಟೆ ಒಗೆದು ಹಾಕಿದ್ದೇನೆ.

ಜನ ಹೋದ ಮೇಲೆ ಮಿಸೆಸ್ ಬೂನ್ ಮೂರನೆಯ ಸಾಲಿನಲ್ಲೇ ಕೂತಿದ್ದರು. ಹೋಗಿ ಅವರ ಕಾಲ ಹತ್ತಿರ ಕೂತೆ. ನೆಲಕ್ಕೇ ಕೂತೆ. "ಅವನು ಪೂರ್ತಿ ಹೇಳೋಕೆ ಮುಂಚೆ ನಾನು ನಡುವೆ ಬಾಯಿ ಹಾಕಿದೆ, ಕ್ಷಮಿಸಿ" ಎಂದೆ.

ಅವರು ನನ್ನ ತಲೆ ಸವರಿದರು. "ಅವನು ಮೊದಲನೇ ದಿನಾನೇ ಪೂರ್ತಿ ಹೇಳಿದ್ದ ಮಗಳೇ. ಮೂರು ನಿಮಿಷದಲ್ಲಿ ಮುಗೀತು, ಅವನದೇನು ದೊಡ್ಡ ಕಥೆಯಾ? ನಿನಗೆ ಸ್ವಲ್ಪ ಸ್ವಲ್ಪಾನೇ ಹೇಳು ಅಂದ. ಅಕ್ಕ ತಮ್ಮನಿಗೆ ಬರೀತಾಳೆ, ತಮ್ಮ ಅಕ್ಕನಿಗೆ ಬರೀತಾನೆ, ಅವರೇ ಹೇಳ್ಲಿ ಅಂದ."

ಮನೆಯಲ್ಲಿ ಕೂತು ನಿನಗೆ ಕಾಗದ ಬರೆಯುವುದು ನನ್ನನ್ನು ಬಿಟ್ಟು ಯಾರಿಗೂ ಗೊತ್ತಿಲ್ಲ ರಾಸ್ಕೋ, ಮೊದಲನೆಯ ದಿನ ನಾನಿನ್ನೂ ಬರೆದೇ ಇರಲಿಲ್ಲ. "ಹಾಗಾದ್ರೆ ಆಮೇಲಿನ ಸಭೆಗಳಲ್ಲಿ ಮೈಕಲ್ಲಿ ಏನು ಹೇಳ್ತಿದ್ದ?" ಎಂದೆ.

"ಏನೂ ಹೇಳ್ತಿರ್ಲಿಲ್ಲ. ಕೇಳ್ತಿದ್ದ. ಒಂದೇ ಪ್ರಶ್ನೆ, ಮತ್ತೆ ಮತ್ತೆ. ನಿನ್ನ ಮುಖ ನೋಡ್ಕೊಂಡೇ ಕೇಳ್ತಿದ್ದ, ನಿಂಗೆ ಕೇಳಿಸ್ತಿರ್ಲಿಲ್ಲ." ಸೊಟ್ಟ ಬೆರಳುಗಳಲ್ಲಿ ನನ್ನ ಗಲ್ಲ ಎತ್ತಿದರು. ಸಿಟ್ಟಿರಲಿಲ್ಲ ಅವರ ಮುಖದಲ್ಲಿ. "ಗೋಡೆಯಾಚೆ ಅಷ್ಟೊಂದು ನಗ್ತಿದ್ರಲ್ಲಮ್ಮಾ, ಏನಕ್ಕೆ ಅಂತ ಕೇಳು ಅಂದ. ಅವನಿಗೆ ನಗೋದು ಅಂದ್ರೆ ಇಷ್ಟ. ಕೊನೇಗೆ ಅವನ ಕಿವಿಗೆ ಬಿದ್ದಿದ್ದು ಅದೇ ಅಂತೆ, ಅದು ಏನು ಅಂತ ತಿಳ್ಕೊಂಡು ಹೋಗ್ತೀನಿ ಅಂತಾನೆ."

ಬೆಳಗಿನಿಂದ ಯೋಚಿಸುತ್ತಿದ್ದೇನೆ. ಟೀವಿ ಎಲ್ಲಿತ್ತು, ನೀನು ಯಾವ ಅಂಗಿ ಹಾಕಿದ್ದೆ, ತಟ್ಟೆಯ ಅಂಚಿನ ನೀಲಿ ಹೂವು, ಎಲ್ಲ ನೆನಪಿಗೆ ಬಂತು. ಅದೊಂದು ಬರುತ್ತಿಲ್ಲ. ಮುಂದಿನ ಸಭೆ ಏಪ್ರಿಲ್ ಹತ್ತಕ್ಕೆ. ಪೆಟ್ಟಿಗೆ ಖಾಲಿ ಮಾಡಿ ನಿನ್ನೆಯೇ ಬೀಗ ಹಾಕಿದ್ದೆ. ಇವತ್ತು ಎತ್ತಿಡುವಾಗ ಒಳಗೆ ಒಂದು ಕಾರ್ಡು ಸರಿದ ಸದ್ದಾಯಿತು.

ನಾವು ಯಾವುದಕ್ಕೆ ನಕ್ಕೆವು, ರಾಸ್ಕೋ?

ನಿನ್ನ ಅಕ್ಕ,
ವರ್ನಿಟಾ